ಲಿಫ್ಟಿನವನ ಮಾತು

ಮೂವತ್ತೇಳನೇ ಪುಟದ ಅಂಚಿನಲ್ಲಿ ಸಂಪಾದಕಿ ಕೆಂಪು ಪೆನ್ಸಿಲ್ಲಿನಿಂದ ಬರೆದಿದ್ದಳು: ‘ಲಿಫ್ಟ್ ರಿಪೇರಿ ಮಾಡುವವನು ಮುತ್ತು ಕೊಡುವ ಮುಂಚೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುವುದೇಕೆ?’

ಟೈಪಿಸ್ಟ್ ಅದನ್ನು ಎರಡು ಸಲ ಓದಿದಳು. ಹೆಡ್‌ಫೋನಿನೊಳಗೆ ಮೂಳೆ ಡಾಕ್ಟರು ಯಾರದೋ ಮುರಿದ ಮಣಿಕಟ್ಟಿನ ವರದಿ ಒಪ್ಪಿಸುತ್ತ ನಡುವೆ ಆಕಳಿಸಿದರು. ಅವಳು ರೆಕಾರ್ಡಿಂಗ್ ಓಡಿಸುವ ಪೆಡಲಿನ ಮೇಲಿಂದ ಪಾದ ಎತ್ತಿ ಅವರ ಬಾಯಿ ಮುಚ್ಚಿಸಿದಳು. ಆಸ್ಪತ್ರೆಯ ನೆಲಮಾಳಿಗೆಯ ಈ ಕೋಣೆಯಲ್ಲಿ ಕೂತು ಹದಿನಾರು ವರ್ಷಗಳಿಂದ ಡಾಕ್ಟರುಗಳು ಹೇಳಿದ್ದನ್ನು ಟೈಪು ಮಾಡುತ್ತಿದ್ದವಳು ಅವಳು. ಅವರ ಮುಖ ನೋಡಿದರೆ ಯಾರೆಂದು ಗೊತ್ತಾಗುತ್ತಿರಲಿಲ್ಲ, ಕೆಮ್ಮಿದರೆ ಗೊತ್ತಾಗುತ್ತಿತ್ತು.

ಕೈ ತೊಳೆಯುವುದಕ್ಕೆ ಕಾರಣವಿತ್ತು. ಲಿಫ್ಟಿನವನು ಮೊನ್ನೆ ಮೊನ್ನೆಯವರೆಗೂ ಸರ್ಜನ್ ಆಗಿದ್ದ.

ಟಿ.ವಿ.ಯಲ್ಲಿ ಆರು ವರ್ಷ ಒಂದು ಆಸ್ಪತ್ರೆ ಧಾರಾವಾಹಿ ಬಂದಿತ್ತು. ಅದರ ಸರ್ಜನ್‌ಗೂ, ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಮ್ಮನಿಗೂ ಇನ್ನೇನು ಮಾತಾಯಿತು ಅನ್ನುವಷ್ಟರಲ್ಲಿ ಪ್ರತಿ ಸಲ ಆಂಬುಲೆನ್ಸ್ ಬಂದುಬಿಡುತ್ತಿತ್ತು. ಕಾದು ಕಾದು ಸಾಕಾದ ಅಭಿಮಾನಿಗಳು ಒಂದು ವೆಬ್‌ಸೈಟಿನಲ್ಲಿ ತಾವೇ ಕಥೆ ಬರೆದು ಅವರಿಬ್ಬರನ್ನು ಕೂಡಿಸತೊಡಗಿದರು. ಆ ಕಥೆಗಳ ರಾಶಿಯಲ್ಲಿ ಟೈಪಿಸ್ಟಳ ನಲವತ್ತೊಂದು ಅಧ್ಯಾಯಗಳನ್ನು ಜನ ಮುಗಿಬಿದ್ದು ಓದಿದರು. ಎಷ್ಟು ಓದಿದರೆಂದರೆ, ಪ್ರೇಮ ಕಾದಂಬರಿಗಳನ್ನೇ ಹೊರತರುವ ಪ್ರಕಾಶನದವರೊಬ್ಬರು ತಾವಾಗಿಯೇ ಕಾಗದ ಬರೆದರು. ಪುಸ್ತಕ ಮಾಡೋಣ. ಆದರೆ ಧಾರಾವಾಹಿ ಬೇರೆಯವರ ಸೊತ್ತು. ಹೆಸರು, ಆಸ್ಪತ್ರೆ, ನಾಯಕನ ಹಣೆಯ ಮೇಲಿನ ಗುಂಗುರು ಕೂದಲು, ಯಾವುದರ ವಾಸನೆಯೂ ಉಳಿಯಬಾರದು. ವೆಬ್‌ಸೈಟಿನಿಂದ ಕಥೆಯನ್ನು ತೆಗೆದುಹಾಕಬೇಕು.

ಆ ಕಾಗದ ಬಂದ ದಿನವೇ ಆಸ್ಪತ್ರೆಯ ಲಿಫ್ಟ್ ಕೆಟ್ಟು ಅವಳು ಇಪ್ಪತ್ತು ನಿಮಿಷ ಒಳಗೆ ಸಿಕ್ಕಿಹಾಕಿಕೊಂಡಿದ್ದಳು. ಮೇಲಿನಿಂದ ಯಾವನೋ ಸ್ಪ್ಯಾನರಿನಿಂದ ಟಕ್ ಟಕ್ ಮಾಡುತ್ತಿದ್ದ. ಸರ್ಜನ್ ಅಲ್ಲಿಯೇ ಲಿಫ್ಟಿನವನಾದ. ಅರಿವಳಿಕೆಯ ಡಾಕ್ಟರಮ್ಮ ಅವನು ಲಿಫ್ಟ್ ನೋಡುವ ಕಟ್ಟಡದ ಏಳನೇ ಮಹಡಿಯಲ್ಲಿ ಗ್ರಂಥಾಲಯ ನೋಡಿಕೊಳ್ಳುವವಳಾದಳು. ಉಡುಪು ಬದಲಾಯಿತೇ ಹೊರತು ಆಸಾಮಿ ಬದಲಾಗಲಿಲ್ಲ. ಅವನು ಅವಳ ಕೈ ಹಿಡಿದರೆ ಬೆರಳು ನೇರ ನಾಡಿಗೆ ಹೋಗುತ್ತಿತ್ತು. ಅವಳು ಅತ್ತರೆ ಕಣ್ಣಿನ ರೆಪ್ಪೆ ಎತ್ತಿ ನೋಡುತ್ತಿದ್ದ. ಒಂದು ಕಡೆಯಂತೂ ಕೆಟ್ಟ ಲಿಫ್ಟಿನ ಬಾಗಿಲು ತೆಗೆದು, ‘ಕೊನೆಯದಾಗಿ ಊಟ ಮಾಡಿದ್ದು ಯಾವಾಗ?’ ಎಂದು ಸರ್ಜನ್ನಿನ ಹಳೆಯ ಪ್ರಶ್ನೆಯನ್ನೇ ಒಳಗಿದ್ದವರಿಗೆ ಕೇಳಿದ್ದ. ಸಂಪಾದಕಿ ಇಂಥ ಹನ್ನೊಂದು ಕಡೆ ಕೆಂಪು ಸುತ್ತು ಹಾಕಿದ್ದಳು.

ಅವನ್ನೆಲ್ಲ ಸರಿ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಕಷ್ಟವಿದ್ದದ್ದು ಕೊನೆಯ ಹಾಳೆಯ ಟಿಪ್ಪಣಿಯಲ್ಲಿ.

‘ಒಂದು ದೊಡ್ಡ ತೊಂದರೆ ಇದೆ. ಹೊಸದಾಗಿ ಬರೆದ ಪುಟಗಳಲ್ಲಿ ನಾಯಕ ಬಾಯೇ ಬಿಡುವುದಿಲ್ಲ. ಕೋಣೆ ಇದೆ, ಕಿಟಕಿ ಇದೆ, ಕಿಟಕಿಯಿಂದ ಬೀಳುವ ಬೆಳಕಿದೆ. ಅವನು ಮಾತ್ರ ಕಂಬದ ಹಾಗೆ ನಿಂತಿರುತ್ತಾನೆ. ನಾನು ಹಳೆಯ ಕಥೆಗೆ ಮರುಳಾಗಿದ್ದೇ ಅವನ ಮಾತಿಗೆ. ಆ ಮಾತು ಎಲ್ಲಿ ಹೋಯಿತು? ಶನಿವಾರದೊಳಗೆ ಅದು ವಾಪಸು ಬರದಿದ್ದರೆ ಈ ವರ್ಷದ ಪಟ್ಟಿಯಿಂದ ಪುಸ್ತಕ ಕೈಬಿಡಬೇಕಾಗುತ್ತದೆ.’

ಎಲ್ಲಿ ಹೋಯಿತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಸ್ಪತ್ರೆಯಿಂದ ಎರಡು ಸ್ಟಾಪ್ ಆಚೆ, ಚಪ್ಪಲಿ ಅಂಗಡಿಯ ಮೇಲೆ, ಎರಡನೇ ಮಹಡಿಯ ಬ್ಯೂಟಿ ಪಾರ್ಲರಿನಲ್ಲಿ ಅದು ಇತ್ತು. ಅದು ಅವಳ ಮಾತಾಗಿರಲೇ ಇಲ್ಲ. ಅವಳ ಓರಗಿತ್ತಿಯದು, ಮೈದುನನ ಹೆಂಡತಿಯದು.

ಎಲ್ಲರೂ ಒಂದೇ ಮನೆಯಲ್ಲಿದ್ದಾಗ ಭಾನುವಾರದ ಮಧ್ಯಾಹ್ನಗಳು ಹಿಂಬಾಗಿಲ ಮೆಟ್ಟಿಲ ಮೇಲೆ ಕಳೆಯುತ್ತಿದ್ದವು. ಟೈಪಿಸ್ಟ್ ಕೆಳಗಿನ ಮೆಟ್ಟಿಲಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಓರಗಿತ್ತಿ ಮೇಲಿನ ಮೆಟ್ಟಿಲಲ್ಲಿ ಬಾಚಣಿಗೆ, ಕತ್ತರಿ ಹಿಡಿದುಕೊಂಡು. ಕೋಣೆ, ಪರದೆ, ಸಂಜೆಯ ಬೆಳಕು ಎಲ್ಲವನ್ನೂ ಟೈಪಿಸ್ಟ್ ತಾನೇ ಬರೆಯುತ್ತಿದ್ದಳು. ಪಾತ್ರಗಳು ಎದುರುಬದುರು ಬಂದು ನಿಂತ ಕೂಡಲೇ ಅವಳ ಬೆರಳು ನಿಲ್ಲುತ್ತಿತ್ತು. “ಈಗ ಅವನೇನಂತಾನೆ?” ಎಂದು ಕೇಳುತ್ತಿದ್ದಳು. ಓರಗಿತ್ತಿ ಅವಳ ಕೂದಲಿಗೆ ಕೈ ಹಾಕಿ ಎರಡು ಸಲ ಬಾಚಿ, ಮೂರನೇ ಸಲಕ್ಕೆ ಅವನಾಗಿಬಿಡುತ್ತಿದ್ದಳು. ಬರಿಗೈಯಲ್ಲಿ ಕೂತರೆ ಆ ಹೆಂಗಸಿಗೆ ಒಂದು ವಾಕ್ಯವೂ ಹೊಳೆಯುತ್ತಿರಲಿಲ್ಲ. ಯಾರದಾದರೂ ತಲೆ ಕೈಯಲ್ಲಿರಬೇಕು.

ಎರಡು ವರ್ಷದ ಹಿಂದೆ ಅಣ್ಣತಮ್ಮಂದಿರು ಬೇರೆ ಮನೆ ಮಾಡಿದರು. ಅದೇ ವಾರ ಓರಗಿತ್ತಿಯರು ಮಾತು ಬಿಟ್ಟರು. ಗಂಡಂದಿರು ಅದನ್ನು ಕಪಾಟಿನ ಜಗಳ ಎಂದು ತಿಳಿದರು. ಹಜಾರದ ದೊಡ್ಡ ಕಪಾಟು ಯಾರಿಗೆ ಹೋಗಬೇಕು ಎಂದು ಆಗ ನಾಲ್ಕು ಮಾತು ನಡೆದಿದ್ದದ್ದು ನಿಜ. ನಿಜವಾದ ಕಾರಣ ಹೇಳಿದ್ದರೆ ಅವರು ನಗುತ್ತಿದ್ದರು. ಕೊನೆಯ ಅಧ್ಯಾಯದಲ್ಲಿ ಸರ್ಜನ್ ಡಾಕ್ಟರಮ್ಮನ ಬಾಗಿಲಿಗೆ ಹೋಗಿ ಕ್ಷಮೆ ಕೇಳಬೇಕು ಎಂದು ಓರಗಿತ್ತಿ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡಿದ್ದಳು. ಟೈಪಿಸ್ಟ್, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ, ಮನಸ್ಸೂ ಸರಿಯಿಲ್ಲದೆ, ಅವಳಿಗೆ ತೋರಿಸದೆಯೇ ಬರೆದು ಹಾಕಿಬಿಟ್ಟಳು. ಅದರಲ್ಲಿ ಸರ್ಜನ್ ಒಂದು ಮಾತೂ ಆಡದೆ ರೈಲು ಹತ್ತಿ ಹೋದ. ಮೌನ ಎಷ್ಟು ಚೆನ್ನಾಗಿದೆ ಎಂದು ಓದುಗರು ಹೊಗಳಿದರು. “ನೀನು ಅವನ ಬಾಯಿ ಹೊಲಿದುಬಿಟ್ಟೆ” ಎಂದು ಓರಗಿತ್ತಿ ಹೇಳಿದ್ದೇ ಕೊನೆ.

ಇಷ್ಟೇ ಆಗಿದ್ದರೆ ಹೇಗೋ ಮುಖ ಎತ್ತಿಕೊಂಡು ಹೋಗಬಹುದಿತ್ತು. ಆದರೆ ಎರಡು ತಿಂಗಳ ಹಿಂದೆ ಟೈಪಿಸ್ಟ್ ಪ್ರಕಾಶನದ ಒಪ್ಪಂದಕ್ಕೆ ಸಹಿ ಹಾಕಿದ್ದಳು. ‘ಈ ಕೃತಿ ಪೂರ್ತಿಯಾಗಿ ನನ್ನೊಬ್ಬಳದೇ, ಇದರಲ್ಲಿ ಬೇರೆ ಯಾರ ಪಾಲೂ ಇಲ್ಲ’ ಎಂಬ ಸಾಲಿನ ಕೆಳಗೆ. ಆವತ್ತಿನಿಂದ ಅದು ಅವಳಿಗೆ ನುಂಗಲಾರದ ತುತ್ತಾಗಿತ್ತು.

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹೊರಟಳು. ಚಪ್ಪಲಿ ಅಂಗಡಿಯ ಪಕ್ಕದ ಮೆಟ್ಟಿಲ ಬಾಗಿಲ ತನಕ ಹೋದಳು, ರಸ್ತೆ ದಾಟಿ ವಾಪಸು ಬಂದಳು. ಮತ್ತೆ ಹೋದಳು, ಗಾಜಿನೊಳಗಿನ ಬೂಟುಗಳನ್ನು ಕೊಳ್ಳುವವಳ ಹಾಗೆ ನೋಡಿದಳು, ಮತ್ತೆ ವಾಪಸು ಬಂದಳು. ಕ್ಷಮಿಸು ಎಂದು ಶುರುಮಾಡುವುದೋ, ಹೇಗಿದ್ದೀಯ ಎಂದು ಶುರುಮಾಡುವುದೋ? ಟೈಪು ಮಾಡಲು ಯಾರಾದರೂ ಹೇಳಿಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಮೂರನೇ ಸಲ ಅಂಗಡಿಯವನೇ ಎದ್ದು, “ಯಾವ ಸೈಜಮ್ಮ?” ಎಂದು ಬಾಗಿಲಿಗೆ ಬಂದ. ಅವಳು ಬೇರೆ ದಾರಿ ಕಾಣದೆ ಮೆಟ್ಟಿಲು ಹತ್ತಿದಳು.

ಪಾರ್ಲರಿನಲ್ಲಿ ಎರಡೇ ಕುರ್ಚಿ. ಒಂದರಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್ ತಲೆತುಂಬ ಕಪ್ಪು ಬಣ್ಣ ಮೆತ್ತಿಸಿಕೊಂಡು, ಅದರ ಮೇಲೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು, ಕೈಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. ಕನ್ನಡಿಯ ಮುಂದೆ ಅಡುಗೆಮನೆಯ ಟೈಮರ್ ಒಂದು ಕಟಕಟ ಎನ್ನುತ್ತಿತ್ತು. ಓರಗಿತ್ತಿ ಕೈಗವಸು ಕಳಚುತ್ತ ಕನ್ನಡಿಯಲ್ಲೇ ಅವಳನ್ನು ನೋಡಿದಳು. ತಿರುಗಲಿಲ್ಲ.

“ಎರಡು ಸಲ ಬಂದು ವಾಪಸ್ ಹೋದೆ. ನಾನು ಕಿಟಕಿಯಿಂದ ನೋಡಿದೆ,” ಎಂದಳು. “ಚಪ್ಪಲಿ ತಗೊಂಡ್ಯಾ?”

“ಇಲ್ಲ.”

“ಕೂತ್ಕೋ.”

ಟೈಪಿಸ್ಟ್ ಖಾಲಿ ಕುರ್ಚಿಯಲ್ಲಿ ಫೈಲು ಮಡಿಲಲ್ಲಿಟ್ಟುಕೊಂಡು ಕೂತಳು. ಓರಗಿತ್ತಿ ನೀಲಿ ಬಟ್ಟೆಯೊಂದನ್ನು ಕೊಡವಿ, ಫೈಲನ್ನೂ ಸೇರಿಸಿ ಅವಳನ್ನು ಕುತ್ತಿಗೆಯಿಂದ ಮೊಣಕಾಲಿನವರೆಗೆ ಮುಚ್ಚಿ, ಹಿಂದೆ ಗಂಟು ಹಾಕಿದಳು. ಜಡೆಯ ರಬ್ಬರ್ ಬ್ಯಾಂಡ್ ಎಳೆದು ಬಿಚ್ಚಿದಳು. ಕೂದಲಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದಳು.

“ಇದಕ್ಕೆ ಎರಡು ವರ್ಷದಿಂದ ಯಾರೂ ಕತ್ತರಿ ಇಟ್ಟೇ ಇಲ್ವಾ?”

“ಬೇರೆಯವರ ಹತ್ರ ಹೋಗೋಕೆ ಮನಸ್ಸಾಗ್ಲಿಲ್ಲ ಕಣೇ.”

ಓರಗಿತ್ತಿ ನೀರು ಚಿಮುಕಿಸಿ ಬಾಚತೊಡಗಿದಳು. ಸಿಕ್ಕು ಬಂದ ಕಡೆ ಎಳೆಯದೆ ಬುಡ ಹಿಡಿದು ಬಿಡಿಸಿದಳು. ಆ ಕೈ ಹಳೆಯ ಕೈಯೇ ಆಗಿತ್ತು. ಟೈಪಿಸ್ಟಳ ಕಣ್ಣಲ್ಲಿ ನೀರಾಡಿತು. ಕತ್ತರಿ ಕುತ್ತಿಗೆಯ ಹತ್ತಿರ ಬರುವ ಹೊತ್ತಿಗೆ ಅವಳು ಎಲ್ಲವನ್ನೂ ಹೇಳಿಬಿಟ್ಟಳು: ಪ್ರಕಾಶನದ ಕಾಗದ, ಸರ್ಜನ್ ಲಿಫ್ಟಿನವನಾದದ್ದು, ಸಂಪಾದಕಿಯ ಟಿಪ್ಪಣಿ. ಒಪ್ಪಂದದ ಸಾಲನ್ನು ಮಾತ್ರ ಕೊನೆಗೆ, ಕಣ್ಣು ಮುಚ್ಚಿಕೊಂಡು, ಅಕ್ಷರಶಃ ಒಪ್ಪಿಸಿದಳು.

ಕತ್ತರಿ ನಿಂತಿತು.

“ನಾನೇನೂ ಕೇಳಿಸ್ಕೊಳ್ತಾ ಇಲ್ಲಪ್ಪ,” ಎಂದರು ಹೆಡ್‌ಮಿಸ್ಟ್ರೆಸ್. ಅವರು ಪತ್ರಿಕೆಯ ಪುಟ ತಿರುಗಿಸದೆ ಬಹಳ ಹೊತ್ತಾಗಿತ್ತು.

“ಸಹಿ ಹಾಕ್ವಾಗ ಕೈ ನಡುಗ್ಲಿಲ್ವಾ?” ಎಂದು ಓರಗಿತ್ತಿ ಕೇಳಿದಳು.

“ನಡುಗ್ತು. ಸೊಟ್ಟಗೆ ಬಂತು.”

“ಸೊಟ್ಟಗಾದ್ರೇನು, ಬಂತಲ್ಲ!” ಬಾಚಣಿಗೆಯನ್ನು ಕನ್ನಡಿಯ ಮುಂದೆ ಕುಕ್ಕಿದಳು. “ಬೇರೆ ಯಾರ ಪಾಲೂ ಇಲ್ಲ! ನಾನೇನು ಆ ಮೆಟ್ಟಿಲ ಮೇಲೆ ನೊಣ ಹೊಡೀತಾ ಕೂತಿದ್ನಾ ಅಕ್ಕ? ಆ ಕಪಾಟು ನಂಗೆ ಬೇಕೇ ಆಗಿರ್ಲಿಲ್ಲ. ಅದರ ಬಾಗಿಲು ಹಾಕೋಕೆ ಒದೀಬೇಕು. ಅದು ನೀನೇ ಇಟ್ಕೊಂಡ್ಯಲ್ಲ, ಒಂದು ದಿನಾನಾದ್ರೂ ಕೇಳಿದ್ನಾ? ನಂಗೆ ಹೊಟ್ಟೆ ಉರಿದದ್ದು ಅವನನ್ನ ಮೂಗನ ಥರ ರೈಲು ಹತ್ತಿಸಿದ್ದಕ್ಕೆ. ಏನೇನು ಹೇಳ್ಬೇಕು ಅಂತ ಒಂದು ವಾರ ತಲೇಲಿಟ್ಕೊಂಡು ತಿರುಗಿದ್ದೆ, ಗಿರಾಕಿಗಳ ಹತ್ರ ಹೇಳಿ ಹೇಳಿ ನೋಡಿದ್ದೆ!”

“ಹೌದು, ನನ್ನ ಹತ್ರ ಹೇಳಿದ್ದಳು,” ಎಂದರು ಹೆಡ್‌ಮಿಸ್ಟ್ರೆಸ್.

“ತಪ್ಪಾಯ್ತು,” ಎಂದಳು ಟೈಪಿಸ್ಟ್. ಇಷ್ಟು ಸಣ್ಣ ಮಾತಿಗೆ ಎರಡು ವರ್ಷ ಹಿಡಿಯಿತಲ್ಲ ಎಂದು ಅವಳಿಗೇ ನಾಚಿಕೆಯಾಯಿತು. “ರೈಲಿನದೂ ತಪ್ಪು, ಸಹಿದೂ ತಪ್ಪು. ಕಾಗದ ಹಿಂದಕ್ಕೆ ತಗೋತೀನಿ. ಪುಸ್ತಕ ಹೋದ್ರೆ ಹೋಗ್ಲಿ. ನೀನು ಹೀಗೆ ಮಾತು ಬಿಟ್ಟಿರೋದು ನನ್ನ ಕೈಲಿ ಆಗಲ್ಲ.”

ಓರಗಿತ್ತಿ ಮುಖ ಆಚೆ ತಿರುಗಿಸಿ, ನೆಲದ ಮೇಲೆ ಬಿದ್ದಿದ್ದ ಕೂದಲನ್ನು ಕಾಲಲ್ಲಿ ಒಂದು ಕಡೆಗೆ ತಳ್ಳಿದಳು. ಮತ್ತೆ ಮಾತಾಡಿದಾಗ ದನಿ ಇಳಿದಿತ್ತು.

“ಒಂದು ದಿನ ಫೋನಿನಲ್ಲಿ ನೋಡ್ತೀನಿ, ಕಥೇನೇ ಇಲ್ಲ. ನಲವತ್ತೊಂದೂ ಮಾಯ. ಹೊತ್ತು ಹೋಗ್ದಾಗ ತೆಗೆದು ಓದ್ತಿದ್ದೆ, ರೈಲು ಬರೋಕೆ ಮುಂಚೆ ನಿಲ್ಲಿಸಿಬಿಡ್ತಿದ್ದೆ. ನಿನಗೇನೋ ಆಗಿಹೋಯ್ತು ಅಂದ್ಕೊಂಡೆ. ಕೈಕಾಲು ಆಡ್ಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ. ಟೈಪಿಂಗ್ ರೂಮಿನವರು ಊಟಕ್ಕೆ ಹೋಗಿದಾರೆ ಅಂದ್ರು. ಊಟ ಮಾಡ್ತಾಳೆ ಅಂದ್ರೆ ಬದುಕಿದಾಳೆ ಅಂತ ಇಟ್ಟುಬಿಟ್ಟೆ.”

ಟೈಪಿಸ್ಟ್ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು. ಬಟ್ಟೆಯೊಳಗೆ ಕೈ ಸಿಕ್ಕಿಕೊಂಡಿದ್ದರಿಂದ ಮೂಗು ಒರೆಸಿಕೊಳ್ಳಲು ಆಗಲಿಲ್ಲ. ಓರಗಿತ್ತಿಯೇ ಟವೆಲ್ಲಿನ ತುದಿಯಿಂದ ಒರೆಸಿದಳು, ಸ್ವಲ್ಪ ಒರಟಾಗಿಯೇ.

“ಈಗ್ಲೇ ಫೋನ್ ಮಾಡು ಆ ಸಂಪಾದಕಿಗೆ. ನನ್ನ ಮುಂದೆ. ಎಲ್ಲರಿಗೂ ಕೇಳೋ ಹಾಗೆ.”

ಟೈಪಿಸ್ಟ್ ಬಟ್ಟೆಯ ಕೆಳಗಿನಿಂದ ಕೈ ಹೊರಗೆ ತೂರಿಸಿ ನಂಬರ್ ಒತ್ತಿದಳು. ಸಂಪಾದಕಿ ಎತ್ತಿದ ತಕ್ಷಣ, ಧೈರ್ಯ ಸೋರಿಹೋಗುವ ಮುಂಚೆ ಹೇಳಿಬಿಟ್ಟಳು. ಆ ಒಪ್ಪಂದದಲ್ಲಿ ತಾನು ಸುಳ್ಳು ಬರೆದಿದ್ದೇನೆ, ಕಥೆ ಇಬ್ಬರದು, ನಾಯಕನ ಮಾತೆಲ್ಲ ತನ್ನ ಓರಗಿತ್ತಿಯದು. ಇನ್ನು ಅವರೇನು ಮಾಡಿದರೂ ಸರಿ.

ಆ ಕಡೆ ಒಂದು ದೀರ್ಘ ಉಸಿರು ಕೇಳಿತು. ಟೈಪಿಸ್ಟ್ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಅಬ್ಬ, ಸದ್ಯ!” ಎಂದಳು ಸಂಪಾದಕಿ. “ನೀವು ಬರೆಯೋದನ್ನೇ ಮರೆತುಬಿಟ್ರಿ ಅಂತ ನಾನಿಲ್ಲಿ ತಲೆ ಚಚ್ಕೋತಿದ್ದೆ. ಇಬ್ರೂ ಅಂತ ಮೊದಲೇ ಹೇಳಬಾರದಾ? ನಮ್ಮಲ್ಲಿ ಅಕ್ಕ ತಂಗಿ ಬರೆದಿದ್ದಾರೆ, ಗಂಡ ಹೆಂಡತಿ ಬರೆದಿದ್ದಾರೆ, ಓರಗಿತ್ತಿಯರು ಇದೇ ಮೊದಲು. ಹಳೇ ಕಾಗದ ಹರಿದು ಹಾಕ್ತೀನಿ, ಹೊಸದು ಕಳಿಸ್ತೀನಿ, ಇಬ್ರೂ ಸಹಿ ಮಾಡಿ. ರಕ್ಷಾಪುಟದ ಮೇಲೂ ಎರಡು ಹೆಸರು. ಆದ್ರೆ ಶನಿವಾರ ಅಂದ್ರೆ ಶನಿವಾರ. ಅವನು ಬಾಯಿ ಬಿಡಬೇಕು.”

ಫೋನು ಇಟ್ಟಾಗ ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಗಿತ್ತು. ಟೈಪಿಸ್ಟ್ ಕುರ್ಚಿಗೆ ಒರಗಿದಳು. ಬೆನ್ನಿಗೂ ಕುರ್ಚಿಗೂ ನಡುವೆ ಇಷ್ಟು ಹೊತ್ತು ಒಂದು ಗೇಣು ಜಾಗವಿತ್ತು ಎಂದು ಆಗ ಅವಳಿಗೆ ಗೊತ್ತಾಯಿತು.

“ಲಿಫ್ಟ್ ರಿಪೇರಿಯವನಾ?” ಎಂದರು ಹೆಡ್‌ಮಿಸ್ಟ್ರೆಸ್, ಇನ್ನು ತಡೆಯಲಾರದೆ. “ಅಷ್ಟು ಒಳ್ಳೇ ಸರ್ಜನ್‌ನ ಹೀಗೆ ಮಾಡೋದಾ?”

“ಇರ್ಲಿ ಬಿಡಿ ಮೇಡಂ, ಡಾಕ್ಟರಾದ್ರೆ ಬಾಯಲ್ಲಿ ಬರೀ ಕಾಯಿಲೆ ಬರುತ್ತೆ. ಇವನು ವಾಸಿ,” ಎಂದಳು ಓರಗಿತ್ತಿ. ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡಿದ್ದಳು. “ಆದ್ರೆ ಅಕ್ಕ, ಒಂದು ಷರತ್ತು. ರೈಲು ಬೇಡ.”

“ಬೇಡ.”

“ಬಾಗಿಲಿಗೆ ಬರ್ತಾನೆ.”

“ಬರ್ತಾನೆ. ಏಳನೇ ಮಹಡಿ. ಗ್ರಂಥಾಲಯ ಮುಚ್ಚೋ ಹೊತ್ತು. ಅವಳು ಒಳಗಿಂದ ಒಂದೊಂದೇ ದೀಪ ಆರಿಸ್ತಿದಾಳೆ. ಬಾಗಿಲ ಹತ್ರದ ದೀಪ ಒಂದು ಉಳಿದಿದೆ. ಅವನು ಬಂದು ನಿಂತ.” ಟೈಪಿಸ್ಟ್ ನಿಲ್ಲಿಸಿದಳು. “ಈಗ ಅವನೇನಂತಾನೆ?”

ಟೈಮರ್ ಗಣಗಣ ಹೊಡೆದುಕೊಂಡಿತು. ಓರಗಿತ್ತಿ ಆ ಕಡೆ ತಿರುಗಿದಳು.

“ಸುಮ್ನೆ ನಿಂತ್ಕೋ!” ಎಂದು ಹೆಡ್‌ಮಿಸ್ಟ್ರೆಸ್ ತರಗತಿಯ ದನಿಯಲ್ಲಿ ಗದರಿ, ತಾವೇ ಕೈ ಚಾಚಿ ಟೈಮರಿನ ಬಾಯಿ ಮುಚ್ಚಿದರು. “ಇನ್ನೈದು ನಿಮಿಷ ಇದ್ರೆ ಸ್ವಲ್ಪ ಜಾಸ್ತಿ ಕಪ್ಪಾಗುತ್ತೆ, ಅಷ್ಟೇ ತಾನೆ? ಅವನೇನಂದ, ಅದನ್ನ ಹೇಳು.”

ಓರಗಿತ್ತಿ ಟೈಪಿಸ್ಟಳ ಕೂದಲಿಗೆ ಕೈ ಹಾಕಿದಳು. ಒಂದು ಸಲ ಬಾಚಿದಳು. ಎರಡನೇ ಸಲ ಬಾಚಿದಳು.

“‘ಮೆಟ್ಟಿಲು ಹತ್ತಿ ಬಂದೆ,’” ಎಂದಳು. ಅದು ಅವಳ ದನಿಯೇ, ಆದರೆ ನಿಧಾನ, ಸ್ವಲ್ಪ ಏದುಸಿರು. “‘ಲಿಫ್ಟು ಸರಿ ಇದೆ, ನಾನೇ ರಿಪೇರಿ ಮಾಡಿದ್ದು. ಆದ್ರೂ ಮೆಟ್ಟಿಲು ಹತ್ತಿದೆ. ಲಿಫ್ಟಿನಲ್ಲಿ ಬಂದಿದ್ರೆ ಅರ್ಧ ನಿಮಿಷ. ಏನು ಹೇಳ್ಬೇಕು ಅಂತ ಯೋಚಿಸೋಕೆ ನನಗೆ ಏಳು ಮಹಡಿ ಬೇಕಿತ್ತು. ಮೊದಲನೇ ಮಹಡೀಲಿ ಬಹಳ ಮಾತಿತ್ತು. ತಪ್ಪು ನಿಂದೂ ಇದೆ ಅಂತ ಹೇಳೋಣ ಅಂದ್ಕೊಂಡಿದ್ದೆ. ಮೂರನೇ ಮಹಡೀಲಿ ವಾಪಸ್ ಇಳಿದೆ. ಎರಡು ಸಲ ಇಳಿದೆ.’”

ಟೈಪಿಸ್ಟ್ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದಳು. ಓರಗಿತ್ತಿ ನೋಡುತ್ತಿರಲಿಲ್ಲ. ಅವಳ ಕಣ್ಣು ಕತ್ತರಿಯ ತುದಿಯಲ್ಲಿತ್ತು.

“‘ಇಲ್ಲಿಗೆ ಬರೋ ಹೊತ್ತಿಗೆ ಉಸಿರೂ ಹೋಗಿದೆ, ಮಾತೂ ಹೋಗಿದೆ. ಉಳಿದಿರೋದು ಇಷ್ಟೇ. ನೀನಿಲ್ಲದೆ ನನಗೆ ಬರಲ್ಲ.’”

ಕೂದಲಿನ ತುಣುಕುಗಳು ನೀಲಿ ಬಟ್ಟೆಯ ಮೇಲೆ ಬಿದ್ದು, ಮಡಿಲಿನ ಕಡೆಗೆ ಜಾರಿ, ಅಲ್ಲಿ ನಿಲ್ಲದೆ ಸಣ್ಣಗೆ ಕುಣಿಯುತ್ತಿದ್ದವು. ಬಟ್ಟೆಯ ಕೆಳಗೆ, ಫೈಲಿನ ಮೇಲೆ, ಟೈಪಿಸ್ಟಳ ಹತ್ತೂ ಬೆರಳು ಆಡುತ್ತಿದ್ದವು.